ನನ್ನ ಕೈಗೆ ಮಾತ್ರ ಗೊತ್ತಿದ್ದ ಹೊಡೆತ

ಕಳೆದ ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಾನು ಒಬ್ಬ ಹಿರಿಯರ ತಲೆ ಒಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಗಾಬರಿಯಾಗಬೇಡಿ. ನಾನು ನಿಮಗೆ ಗೊತ್ತಿರುವ ಅದೇ ಅಂಕಣಗಾರ್ತಿ. ಜಮಖಂಡಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ವಯಸ್ಸು ನಲವತ್ತಾರು. ಬಸ್ಸಿನ ಸೀಟಿಗಾಗಿಯೂ ದನಿ ಏರಿಸಿದವಳಲ್ಲ. ಆ ಹಿರಿಯರ ಮೇಲೆ ನನಗೆ ಸಿಟ್ಟೂ ಇರಲಿಲ್ಲ. ಅವರ ಪರಿಚಯವಾಗಿ ಆಗಷ್ಟೇ ಅರ್ಧ ಗಂಟೆಯಾಗಿತ್ತು.

ಹಾಗಾದರೆ ಕೋಲು ಎತ್ತಿದ್ದು ಯಾರು?

ಮೊದಲಿನಿಂದ ಹೇಳುತ್ತೇನೆ. ಮೂರು ತಿಂಗಳ ಹಿಂದೆ ಡಾಕ್ಟರು ನನ್ನ ಶುಗರ್ ರಿಪೋರ್ಟ್ ನೋಡಿ, "ಮೈ ಬೆವರಬೇಕ್ರಿ ಅಕ್ಕಾರ" ಎಂದರು. (ನಮ್ಮ ಕಡೆ ಲೇಡಿ ಟೀಚರುಗಳೆಲ್ಲ ಅಕ್ಕಾರೇ.) ವಾಕಿಂಗ್ ನನಗೆ ಮಹಾ ಬೇಜಾರು. ಮಗಳು ಹೋಗುವ ಕರಾಟೆ ಕ್ಲಾಸಿನಲ್ಲಿ ದೊಡ್ಡವರ ಬ್ಯಾಚ್ ಇತ್ತು. ಸೇರಿದೆ.

ಕರಾಟೆಯಲ್ಲಿ ಮೊದಲು ಹೊಡೆಯುವುದನ್ನು ಕಲಿಸುವುದಿಲ್ಲ, ನಿಲ್ಲುವುದನ್ನು ಕಲಿಸುತ್ತಾರೆ. ಮೊಣಕಾಲು ಬಗ್ಗಿಸಿ, ಸೊಂಟ ಇಳಿಸಿ, ಕುದುರೆಯ ಮೇಲೆ ಕೂತಂತೆ. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ನಿಂತು ಸವೆದ ನನ್ನ ಮೊಣಕಾಲು ಒಂದೇ ವಾರಕ್ಕೆ ಊದಿಕೊಂಡಿತು. ಮುಧೋಳಕ್ಕೆ ಹೋಗಿ ಟೇಕ್ವಾಂಡೋ ನೋಡಿದೆ. ಅದು ಪೂರ್ತಿ ಕಾಲಿನ ವಿದ್ಯೆ. ಉದ್ದ ಕಾಲಿನ ಹುಡುಗಿಯರು ಎದುರಿನವರ ಕಿವಿಯವರೆಗೆ ಕಾಲು ಎತ್ತುತ್ತಿದ್ದರು. ನನ್ನದು ಸೊಂಟದವರೆಗೂ ಬರಲಿಲ್ಲ. ನೆಲದ ಮೇಲಿದ್ದ ಇನ್ನೊಂದು ಕಾಲು ಜಾರಿತು. ರಬಕವಿಯಲ್ಲಿ ಜೂಡೋ ಕಲಿಸುವ ಪರಿಚಯದವರೊಬ್ಬರು ನನ್ನ ಕುತ್ತಿಗೆಯ ಎಕ್ಸ್‌ರೇ ನೋಡಿ, ಚಹಾ ಕುಡಿಸಿ ವಾಪಸ್ ಕಳಿಸಿದರು. ಅಲ್ಲಿ ಬೀಳುವುದೇ ಮೊದಲ ಪಾಠ. ಸವೆದ ಕುತ್ತಿಗೆಗೆ ಅದು ಆಗಿಬರುವುದಿಲ್ಲವಂತೆ.

ಅಂಗಡಿಯ ಬೊಂಬೆಗೆ ಉಡಿಸಿದ ಸೀರೆ ನೋಡಿ ಮರುಳಾಗುತ್ತೇವಲ್ಲ, ವಿದ್ಯೆಯನ್ನೂ ನಾವು ಹಾಗೆಯೇ ಆರಿಸುತ್ತೇವೆ. ನಮ್ಮ ಎತ್ತರ, ನಮ್ಮ ಮೂಳೆ, ನಮ್ಮ ಉಸಿರು ಏನು ಕೇಳುತ್ತವೆ ಎಂದು ಯಾರು ನೋಡುತ್ತಾರೆ?

ನೋಡುವವರೊಬ್ಬರು ಇದ್ದಾರೆ ಎಂದವನು ನಮ್ಮ ಶಾಲೆಯ ಪಿ.ಟಿ. ಮಾಸ್ತರ ಬೀರಪ್ಪ. "ನಮ್ಮ ಕಾಕಾ ಮಾಳಪ್ಪ ಗರಡಿಯೊಳಗ ಕೋಲು ಕಲಸ್ತಾನ್ರಿ. ಮಂದಿ ಮೈ ನೋಡಿ ಯಾವುದು ಒಗ್ಗತೈತಿ ಹೇಳ್ತಾನ. ಒಮ್ಮಿ ಬಂದು ನೋಡ್ರಿ ಅಕ್ಕಾರ."

ಅವರ ಊರು ಬೀಳಗಿ ತಾಲೂಕಿನಲ್ಲಿ, ಅನಗವಾಡಿಯ ಆಚೆ. ನಾವು ತಲುಪಿದಾಗ ಕೃಷ್ಣೆಯ ಮೇಲೆ ದಟ್ಟ ಮಂಜು. ಅಣೆಕಟ್ಟಿನ ಹಿನ್ನೀರಿನಲ್ಲಿ ಒಣಗಿದ ಮರಗಳ ತುದಿ ಮಾತ್ರ ಕಾಣುತ್ತಿತ್ತು. "ಅಲ್ಲಿ ನಮ್ಮ ಹಳೇ ಊರಿತ್ರಿ" ಎಂದು ಬೀರಪ್ಪ ನೀರಿನ ಕಡೆ ಕೈ ತೋರಿಸಿದ. ಊರು ಮುಳುಗುವ ಮೊದಲು ಜನ ಬಾಗಿಲು, ತೊಲೆಗಳ ಜೊತೆ ಗರಡಿಯ ಕೆಂಪು ಮಣ್ಣನ್ನೂ ಬುಟ್ಟಿಗಳಲ್ಲಿ ಹೊತ್ತು ತಂದರಂತೆ. ಹೊಸ ಗರಡಿ ಸಿಮೆಂಟಿನದು. ಒಳಗಿನ ಮಣ್ಣು ಮಾತ್ರ ನೀರಿನಡಿಯ ಊರಿನದು.

ಹೆಂಗಸರು ಗರಡಿಯ ಒಳಗೆ ಹೋಗುವ ಪದ್ಧತಿ ಇಲ್ಲ. ನನಗೆ ಹೊರಗಿನ ಅಂಗಳ. ಒಂದು ಮೂಲೆಯ ಕಟ್ಟೆಯ ಮೇಲೆ ಯಾರೋ ಬಹಳ ವಯಸ್ಸಾದವರು ಕಂಬಳಿ ಹೊದ್ದು ಕೂತಿದ್ದರು. ಅಲುಗಾಡುತ್ತಿರಲಿಲ್ಲ.

ಮಾಳಪ್ಪಜ್ಜನಿಗೆ ಎಪ್ಪತ್ತು ದಾಟಿದೆ. ಅವರು ನನ್ನ ತೂಕ ಕೇಳಲಿಲ್ಲ, ಕಾಯಿಲೆ ಕೇಳಲಿಲ್ಲ. ಅಂಗಳದ ಆ ತುದಿಯಿಂದ ಈ ತುದಿಗೆ ನಡೆಯಿರಿ ಎಂದರು. ಕುಡಿಯಲು ನೀರು ಕೊಟ್ಟು ನೋಡುತ್ತ ನಿಂತರು.

"ಕರಾಟೆಕ ಸೊಂಟ ಬೇಕ್ರಿ, ಕುಸ್ತಿಗಿ ಕುತ್ತಿಗಿ ಬೇಕು. ನಿಮಗ ಅವೆರಡೂ ಇಲ್ಲ. ಆದ್ರ ತೋಳು ಉದ್ದ ಅದಾವು, ಮಣಿಕಟ್ಟು ಸಡಿಲ ಐತಿ. ಕೋಲಿಗಿ ಅಷ್ಟ ಸಾಕು" ಎಂದರು. ಆಮೇಲೆ, "ನೀವು ಎಡಚರೇನ್ರಿ?" ಎಂದರು.

"ಇಲ್ರಿ, ಬಲಗೈಲೆ ಬರೀತೇನಿ."

"ಬರಿಯೂದಲ್ರಿ. ಈಗ ನೀರು ಯಾವ ಕೈಯಾಗ ಕುಡದ್ರಿ?"

ನೋಡಿಕೊಂಡೆ. ಲೋಟ ಎಡಗೈಯಲ್ಲಿತ್ತು.

ಅವರು ನನ್ನ ಬಲಗೈಗೆ ಬಿದಿರು ಕೋಲು ಕೊಟ್ಟರು. ಹತ್ತು ನಿಮಿಷ ಅದನ್ನು ಬರೀ ತಿರುಗಿಸಿದೆ. ಮೊಣಕಾಲು ನೋಯಲಿಲ್ಲ, ಕತ್ತು ಹಿಡಿಯಲಿಲ್ಲ. ಖುಷಿಯಾಯಿತು. ಬಳಿಕ ಅಜ್ಜ ತಮ್ಮ ಕೋಲನ್ನು ನಿಧಾನವಾಗಿ ನನ್ನ ಹೆಗಲಿನ ಮೇಲೆ ಇಳಿಸುತ್ತ, "ಹಿಂದಕ್ಕ ಸರೀರಿ" ಎಂದರು.

ನಾನು ಹಿಂದೆ ಸರಿಯಲಿಲ್ಲ. ಮುಂದೆ ಹೋದೆ.

ಬಲಗೈಯಲ್ಲಿದ್ದ ಕೋಲು ಬೆನ್ನ ಹಿಂದಿನಿಂದ ಎಡಗೈಗೆ ಬಂತು. ಕೆಳಗಿನಿಂದ ಸುಯ್ ಎಂದು ಮೇಲೆದ್ದಿತು. ಆಗ ನನ್ನೊಳಗೆ ಯಾವ ಯೋಚನೆಯೂ ಇರಲಿಲ್ಲ. ಬೇರೆ ಯಾರದೋ ಕೈಯನ್ನು ಪಕ್ಕದಲ್ಲಿ ನಿಂತು ನೋಡಿದಂತಿತ್ತು. ಅಜ್ಜ ಕಿವಿಯ ಪಕ್ಕ ಅಂಗೈ ಅಡ್ಡ ಹಿಡಿದರು. ಪಟ್ ಎಂದಿತು. ಆ ಅಂಗೈ ಅಲ್ಲಿ ಇಲ್ಲದಿದ್ದರೆ?

ನಾನು ಕೋಲು ಬಿಸಾಕಿ ಕ್ಷಮೆ ಕೇಳತೊಡಗಿದೆ. ಮಾಳಪ್ಪಜ್ಜ ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಕಟ್ಟೆಯ ಕಡೆ ನೋಡುತ್ತಿದ್ದರು. ಕಂಬಳಿ ಹೊದ್ದವರು ಎದ್ದು ನಿಂತಿದ್ದರು. ಅವರ ಬಲಗಣ್ಣಿನ ಜಾಗದಲ್ಲಿ ಬರೀ ಗುಳಿ. ಎಡಗಣ್ಣಿಗೆ ಬೆಳ್ಳಗೆ ಪೊರೆ ಬಂದಿತ್ತು.

"ಮಾಳ್ಯಾ," ಎಂದರು ಅವರು, "ಸಿದ್ಲಿಂಗ ಮಾಸ್ತರ ಬಂದಾರೇನ್ಲೇ?"

ಸಿದ್ಲಿಂಗ ಮಾಸ್ತರ ಎಂದರೆ ನನ್ನ ಅಜ್ಜ. ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಫೋಟೋದಲ್ಲಿ ಟೋಪಿ, ಕರಿ ಕೋಟು. ಬೀಳಗಿ ಕಡೆ ಎಲ್ಲೋ ಸಾಲಿ ಮಾಸ್ತರರಾಗಿದ್ದರು ಎನ್ನುವುದಷ್ಟೇ ನನಗೆ ಗೊತ್ತು. ಆ ಹೆಸರನ್ನು ನಾನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಬೀರಪ್ಪನಿಗೂ.

ಮಾಳಪ್ಪಜ್ಜ ನನ್ನ ತವರೂರು ಕೇಳಿದರು. ಸಾವಳಗಿ ಎಂದೆ. ಅಜ್ಜನ ಹೆಸರು ಕೇಳಿದರು. ಹೇಳಿದೆ. ಅವರು ಅಲ್ಲೇ ನೆಲದ ಮೇಲೆ ಕೂತು ನಡೆದದ್ದನ್ನು ಹೇಳಿದರು.

ಕಟ್ಟೆಯ ಮೇಲಿದ್ದವರು ಅವರ ಅಣ್ಣ ಅಮೋಗಪ್ಪ. ಪ್ರಾಯದಲ್ಲಿ ಅಮೋಗಪ್ಪನೂ ನನ್ನ ಅಜ್ಜನೂ ಹಳೆ ಊರಿನ ಗರಡಿಯಲ್ಲಿ ಜೋಡಿ. ಜಗಳವಲ್ಲ, ಸೇಡಲ್ಲ, ದಿನದಂತೆ ಆಡುತ್ತಿದ್ದಾಗ ಅಜ್ಜ ಯಾರೂ ಕಂಡಿರದ ಒಂದು ಹೊಡೆತ ಹೊಡೆದರು. ಕೋಲು ಬೆನ್ನ ಹಿಂದಿನಿಂದ ಎಡಗೈಗೆ ಬಂತು. ಅಮೋಗಪ್ಪನ ಕಣ್ಣು ಹೋಯಿತು. ಮರುದಿನವೇ ಅಜ್ಜ ಊರು ಬಿಟ್ಟರು.

"ಆ ಹೊಡತ ಅವರು ಯಾರಿಗೂ ಕಲಸ್ಲಿಲ್ರಿ. ನಾನು ಅವತ್ತ ಒಮ್ಮಿ ಕಂಡಾಂವ. ಇವತ್ತ ಎರಡನೇ ಸಲ."

ನಾನು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಸಣ್ಣವಳಿದ್ದಾಗ ನನ್ನ ಎಡಗೈಯನ್ನು ಅಪ್ಪ ಸೊಂಟಕ್ಕೆ ಕಟ್ಟಿ ಬಲಗೈಯಲ್ಲಿ ಬರೆಸುತ್ತಿದ್ದರು. ಅದು ಅಕ್ಷರ ದುಂಡಗಾಗಲಿ ಎಂದು ಅಂದುಕೊಂಡಿದ್ದೆ. ಯಾಕೆ ಕಟ್ಟುತ್ತಿದ್ದಿರಿ ಎಂದು ಕೇಳಿದೆ.

"ನೀ ಮೂರು ವರ್ಷದಾಕಿ ಇದ್ದಿ," ಎಂದರು ಅಪ್ಪ. "ಹಿತ್ತಲದಾಗ ಜ್ವಾಳದ ದಂಟು ಹಿಡದು ತಿರಗಸಾಕತ್ತಿದ್ದಿ. ನಿಮ್ಮಜ್ಜಿ ನೋಡಿ ಚೀರಿದ್ಳು. ಅವರು ತಿರಗಸಿದಂಗ ತಿರಗಸ್ತಾಳ, ಕೈ ಕಟ್ಟೋ ಅಂದ್ಳು. ಈಗ ಯಾಕ ಕೇಳ್ತಿ ಅದನ್ನ?"

ಆಮೇಲೆ ಹೇಳುತ್ತೇನೆ ಎಂದೆ. ಮೇಷ್ಟರಾದ ನಾವು ಮಕ್ಕಳಿಗೆ ವಂಶವಾಹಿಗಳ ಬಗ್ಗೆ ಪಾಠ ಮಾಡುತ್ತೇವೆ. ಉದ್ದ ತೋಳು, ಸಡಿಲ ಮಣಿಕಟ್ಟು, ಎಡಚುತನ ವಂಶದಲ್ಲಿ ಬರುತ್ತವೆ ಎನ್ನುತ್ತೇವೆ. ಸರಿ. ಹೊಡೆತವೂ ಬರುತ್ತದೆಯೇ?

ಫೋನ್ ಇಟ್ಟು ತಿರುಗಿದರೆ ಅಮೋಗಪ್ಪಜ್ಜ ನನ್ನೆದುರಿಗೆ ಕೋಲು ಹಿಡಿದು ನಿಂತಿದ್ದರು.

"ಅವತ್ತಿಂದ ಈ ಹೊಡತಕ್ಕ ಉತ್ತರ ಹುಡುಕೇನಿ, ತಂಗಿ. ಸಿಕ್ಕೈತಿ. ತೋರಸೋಣಂದ್ರ ಹೊಡ್ಯಾವ್ರ ಇಲ್ಲ. ಹೊಡಿ."

"ನನ್ನ ಕೈಲೆ ಆಗೂದಿಲ್ರಿ ಅಜ್ಜಾ. ನಿಮಗ ಕಣ್ಣ ಕಾಣೂದಿಲ್ಲ."

"ಕಣ್ಣ್ಯಾಕ ಬೇಕು? ಸಪ್ಪಳ ಐತಲ್ಲ."

ಮಾಳಪ್ಪಜ್ಜನ ಮುಖ ನೋಡಿದೆ. ಅವರು ಹೂಂ ಎಂದು ಗೋಣು ಹಾಕಿದರು. ನಾನು ಲೆಕ್ಕ ಹಾಕಿ, ಹುಷಾರಾಗಿ, ಮೆಲ್ಲಗೆ ಕೋಲು ಬೀಸಿದೆ. ಅಮೋಗಪ್ಪಜ್ಜ ತಡೆಯಲು ಕೈಯನ್ನೂ ಎತ್ತಲಿಲ್ಲ.

"ಇದು ನಿಂದು," ಎಂದರು. "ನನಗ ಅವರದು ಬೇಕು."

ಎಂದವರೇ ಆ ಎಂಬತ್ತು ದಾಟಿದ ಮನುಷ್ಯ ನನ್ನ ಹೆಗಲಿಗೆ ರಪ್ಪನೆ ಕೋಲು ಬೀಸಿದರು. ಆಮೇಲೆ ನಾನೇನು ಮಾಡಿದೆನೋ ನನಗೆ ತಿಳಿಯದು. ಕೇಳಿಸಿದ್ದು ಸುಯ್ ಎಂಬ ಅದೇ ಸದ್ದು, ಹಿಂದೆಯೇ ಟಕ್ ಎಂಬ ಇನ್ನೊಂದು. ಅವರ ಕಣ್ಣಿನ ಗುಳಿಯಿಂದ ಒಂದು ಗೇಣು ದೂರದಲ್ಲಿ ಎರಡು ಕೋಲುಗಳು ಅಡ್ಡಡ್ಡ ನಿಂತಿದ್ದವು. ಅವರದು ಅಲುಗಲಿಲ್ಲ.

"ಆತು," ಎಂದರು ಅಮೋಗಪ್ಪಜ್ಜ. ಐವತ್ತು ವರ್ಷಕ್ಕೂ ಮೀರಿದ ಕೆಲಸಕ್ಕೆ ಒಂದೇ ಮಾತು.

ನನ್ನ ಉಸಿರು ಏರಿರಲಿಲ್ಲ, ಮೊಣಕಾಲು ಗಟ್ಟಿಯಾಗಿ ನಿಂತಿತ್ತು. ಮೂರು ತಿಂಗಳು ಊರೂರು ತಿರುಗಿ ಹುಡುಕಿದ್ದು ಸಿಕ್ಕಿತ್ತು, ನಿಜ. ಆದರೆ ಇಷ್ಟು ಚೆನ್ನಾಗಿ ಒಗ್ಗುವ ವಿದ್ಯೆಗೆ ಇಷ್ಟು ಹೆದರುತ್ತೇನೆಂದು ಅಂದುಕೊಂಡಿರಲಿಲ್ಲ.

ಹೊರಡುವಾಗ ಕಾಲಿಗೆ ನಮಸ್ಕರಿಸಿದೆ. ಅಮೋಗಪ್ಪಜ್ಜ ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಬೆರಳು ಸವರಿ ನೋಡಿದರು.

"ಮುಂದಿನ ಐತ್ವಾರ ಬಾ ತಂಗಿ," ಎಂದರು. "ಮಾಸ್ತರಿಗಿ ಇನ್ನೊಂದು ಹೊಡತ ಗೊತ್ತಿತ್ತು. ಅದಕ್ಕ ಉತ್ತರ ನನಗ ಇನ್ನೂ ಸಿಕ್ಕಿಲ್ಲ."

ಅದೂ ನನ್ನ ಕೈಗೆ ಗೊತ್ತಿದ್ದರೆ?