ಅವ್ವನ ಗಿಡದ ಬುಡಕ್ಕೆ ಕಳಿಸಿದವಳು

ನನಗಾಗ ಅರವತ್ತೆಂಟು. ಇದಾಗಿ ಆರು ವರ್ಷವಾಯಿತು.

ಬೇಸಿಗೆ ರಜೆ. ಬೋರಿನ ನೀರಿಗೆ ಬೆಳೆದ ಶೇಂಗಾ ಕಿತ್ತು ಹೊಲದಲ್ಲೇ ರಾಶಿ ಹಾಕಿದ್ದೆವು. ಕಾಯಿ ಬಿಡಿಸಲು ನನ್ನ ಜೊತೆ ಮೊಮ್ಮಗಳೂ ಅವಳ ಗೆಳತಿ, ಪಕ್ಕದ ಮನೆಯ ಹುಡುಗಿಯೂ ಬಂದಿದ್ದರು. ಇಬ್ಬರೂ ಒಂಬತ್ತನೇ ತರಗತಿ ಮುಗಿಸಿದವರು. ಬಾಯಿಗೆ ಬಿಡುವಿಲ್ಲ, ಬಿಡಿಸಿದ್ದಕ್ಕಿಂತ ತಿಂದದ್ದೇ ಹೆಚ್ಚು.

ಮಧ್ಯಾಹ್ನ ಉಜ್ಜಿನಿ ಊರಿನ ದಿಕ್ಕಿನಿಂದ ಮೋಡ ಕಪ್ಪಾಗಿ ಬಂತು. ಗುಡುಗಿತು. ರಾಶಿ ನೆನೆಯದಂತೆ ನಾನು ಅದರ ಮೇಲೆ ತಾಡಪಲ್ ಎಳೆಯತೊಡಗಿದೆ. ಹೊಲದ ಬದುವಿನಲ್ಲಿ ದೊಡ್ಡ ಬೇವಿನ ಮರ. ಬುಡದಲ್ಲಿ ಅರಿಶಿನ ಬಳಿದ ಕಲ್ಲು. ಆ ಕಲ್ಲನ್ನು ನಾವು ಅವ್ವ ಎನ್ನುತ್ತೇವೆ, ಮರವನ್ನು ಅವ್ವನ ಗಿಡ. ಅವ್ವನ ಮರಕ್ಕೆ ಸಿಡಿಲು ಬೀಳುವುದಿಲ್ಲ ಎಂದು ನನ್ನ ಅತ್ತೆ ಹೇಳಿದ್ದಳು. ನಾನೂ ಎಲ್ಲರಿಗೆ ಹಾಗೇ ಹೇಳುತ್ತಿದ್ದೆ.

“ಗಿಡದ ಬುಡಕ ಹೋಗ್ರಿ ಇಬ್ರೂ,” ಎಂದು ಕೂಗಿದೆ.

ಮೊಮ್ಮಗಳು ಹೋಗಲಿಲ್ಲ. ಬಯಲಲ್ಲೇ ಕಾಲು ಜೋಡಿಸಿ, ಕಿವಿ ಮುಚ್ಚಿ, ಕುಕ್ಕರಗಾಲಲ್ಲಿ ಕುಳಿತಳು. “ಗಿಡದ ಬುಡಕ ನಿಂದ್ರಬಾರದಜ್ಜಿ. ಸಾಲ್ಯಾಗ ಹೇಳ್ಯಾರ.”

ಗೆಳತಿ ನಕ್ಕಳು. “ನೋಡಜ್ಜಿ, ನಿನ್ ಮೊಮ್ಮಗಳು ಕಪ್ಪಿ ಆಗ್ಯಾಳ. ವಟರ್ ವಟರ್ ಅನ್ನಲೇ!” ಹಾಗೆಂದು ತಾನೂ ಅವಳ ಪಕ್ಕದಲ್ಲಿ ಕುಳಿತಳು. ನಗುತ್ತಲೇ ಕುಳಿತಳು, ಆದರೆ ಕುಳಿತಳು.

ನನಗೆ ಸಿಟ್ಟು ಬಂತು. “ನನಗ ಬುದ್ಧಿ ಹೇಳಾಕ ಬಂದ್ರೇನು? ಅವ್ವನ ಗಿಡಕ್ಕ ಯಾವಾಗರ ಸಿಡ್ಲು ಬಡಿದೈತೇನು? ನೆನೆದು ಜ್ವರ ಬಂದ್ರ ನಿಮ್ಮವ್ವಂದಿರು ನನ್ನ ಬೈತಾರ. ಏಳ್ರಿ!”

“ನಾ ಹೋಗ್ತೀನಿ ಬಿಡಜ್ಜಿ, ಒದರಬ್ಯಾಡ. ಇಕಿ ಇಲ್ಲೇ ನೆನೀಲಿ,” ಎಂದು ಗೆಳತಿ ಎದ್ದು ಓಡಿದಳು. ಮೊಮ್ಮಗಳು ಏಳಲಿಲ್ಲ.

ಬೆಳಕು, ಸದ್ದು ಒಟ್ಟಿಗೆ ಬಂದವು. ತಾಡಪಲ್ ಕೈಯಿಂದ ಜಾರಿತು. ನೋಡಿದರೆ ಬೇವಿನ ಮರ ಮೇಲಿಂದ ಕೆಳಗೆ ಸೀಳಿಹೋಗಿತ್ತು. ಹುಡುಗಿ ಕಲ್ಲಿನ ಪಕ್ಕ ಬಿದ್ದಿದ್ದಳು. ನಾವು ಹೋಗುವಷ್ಟರಲ್ಲಿ ಉಸಿರಿರಲಿಲ್ಲ.

ಹೆಣವನ್ನು ಪೋಸ್ಟ್‌ಮಾರ್ಟಂಗೆಂದು ಆಸ್ಪತ್ರೆಗೆ ಒಯ್ದರು. ಸಂಜೆ ಅವರ ಅಂಗಳದಲ್ಲಿ ಓಣಿಯವರೆಲ್ಲ ಕೂಡಿದರು. “ಈ ವಯಸ್ಸಿನವಕ್ಕ ಹೆದರಿಕಿ ಅನ್ನೋದ ಇಲ್ಲ. ಗುಡುಗು ಸಿಡ್ಲು ಅಂದ್ರ ಆಟ,” ಎಂದಳು ಒಬ್ಬಳು. ಉಳಿದವರು ಹೌದೆಂದರು. ಹುಡುಗಿಯ ತಾಯಿ ಎದೆ ಬಡಿದುಕೊಂಡು ಅತ್ತಳು: “ಯಾರ ಮಾತೂ ಕೇಳ್ತಿದ್ದಿಲ್ಲ ನನ್ ಮಗಳು. ಗಿಡದ ಬುಡಕ ಯಾಕ ಹೋದೆವ್ವಾ?”

ಮೊಮ್ಮಗಳು ನನ್ನ ಮುಖ ನೋಡಿದಳು. ಹಿರಿಯಳೆಂದು ನನಗೆ ಚಾಪೆ ಹಾಸಿ ಕೂರಿಸಿದ್ದರು. ಅದರ ಮೇಲೆ ಕುಳಿತು ಎಲ್ಲರ ಹಾಗೆ ನಾನೂ ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ, ಹೆಣ ಬರುವ ಮೊದಲು, ಅವರ ಮನೆಗೆ ಹೋದೆ. ತಾಯಿ ಬಾಗಿಲಲ್ಲಿ ಕುಳಿತಿದ್ದಳು. ನಿಂತುಕೊಂಡೇ ಹೇಳಿದೆ: “ನಿನ್ ಮಗಳು ಮಾತು ಕೇಳಿದ್ಲು ತಂಗಿ. ಕುಂತಾಕಿನ್ನ ಬೈದು ಎಬ್ಬಿಸಿ ಗಿಡದ ಬುಡಕ ಕಳಿಸಿದಾಕಿ ನಾನು.”