ಜಂಪಣ್ಣ ನಿಲ್ಲಿಸಿದ ಸಾಲು

"ನೋವು ಅಳೆಯೋ ಯಂತ್ರ ಯಾವ ದೇಶದಾಗಾದ್ರೂ ಐತೇನ್ರಿ ಮೇಷ್ಟ್ರೇ?"

೧೯೭೫ರಲ್ಲಿ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ನಿವೃತ್ತ ಹವಾಲ್ದಾರ ಜಂಪಣ್ಣ ನನ್ನನ್ನು ಹೀಗೆ ಕೇಳಿದ. ಜ್ವರಕ್ಕೆ, ರಕ್ತದ ಒತ್ತಡಕ್ಕೆ, ಭೂಕಂಪಕ್ಕೂ ಮಾಪಕವುಂಟು. ನೋವಿಗೆ ಮಾತ್ರ ನರಳುವವನ ಬಾಯೇ ಸಾಕ್ಷಿ. ತನ್ನದೂ ಸೇರಿ ಆರು ಜನರ ಬಾಯಿಯನ್ನು ಜಂಪಣ್ಣ ಒಂದೇ ಕೂಗಿಗೆ ಮುಚ್ಚಿಸಿದನೆಂದು ಊರು ಆಡಿಕೊಳ್ಳುತ್ತಿತ್ತು.

ಅವನು ಯಲ್ಲದಕೆರೆಯವನು. ಅರವತ್ತೈದರ ಯುದ್ಧದಲ್ಲಿ ಸಿಡಿಗುಂಡಿನ ಚೂರು ಹೊಕ್ಕ ಬಲಪಾದದ ಹುಣ್ಣು ವರ್ಷಗಳೇ ಕಳೆದರೂ ಮಾಯಲಿಲ್ಲ. ದಿನವೂ ಬೆಳಗಿನ ಬಸ್ಸಿಗೆ ಹಿರಿಯೂರಿಗೆ ಬಂದು ಕೆಂಚಕ್ಕನ ಮನೆ ಸೇರುತ್ತಿದ್ದ. ಆಸ್ಪತ್ರೆಯ ದಾದಿಯಾಗಿ ನಿವೃತ್ತಳಾದ ಕೆಂಚಕ್ಕ ತನ್ನ ಪಡಸಾಲೆಯಲ್ಲಿ ಆರು ಮಂದಿ ಮಾಜಿ ಸೈನಿಕರನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದಳು. ಗಾಯ ತೊಳೆದು ಕಟ್ಟಿ, ಮಾತ್ರೆ ನುಂಗಿಸಿ, ಮುದ್ದೆ ಉಣ್ಣಿಸಿ ಸಂಜೆಗೆ ಮನೆಗೆ ಕಳಿಸುತ್ತಿದ್ದಳು. ಅವರ ಮನೆಯವರೆಲ್ಲ ಕೂಲಿಗೆ ಹೋಗುವವರು. ಅದೇ ಬೀದಿಯ ಪಾಲಯ್ಯನಿಗೆ ಎರಡನೇ ಮಹಾಯುದ್ಧದ ಕಾಲಕ್ಕೆ ಬರ್ಮಾದಲ್ಲಿ ಸೊಂಟ ಮುರಿದಿತ್ತು. ಇಬ್ಬರು ಎತ್ತಿಯೇ ಕೂರಿಸಬೇಕಿತ್ತು.

ಔಷಧಿ ತರುವ ದಾರಿ ಕಾಣದಾದಾಗ ಕೆಂಚಕ್ಕ ಸರ್ಕಾರಕ್ಕೆ ಅರ್ಜಿ ಹಾಕಿದಳು. ನೆರವು ಸಿಗದಿದ್ದರೆ ಮನೆ ಮುಚ್ಚುವುದೇ ಸರಿ.

೧೯೭೪ರ ಕಾರ್ತಿಕದಲ್ಲಿ ಅಧಿಕಾರಿ ಎರಡು ನಮೂನೆ ಹಿಡಿದು ಬಂದ. ಒಂದು ಪರವಾನಗಿಗೆ: ಇಲ್ಲಿ ಆರೈಕೆ ಚೆನ್ನಾಗಿದೆಯೇ? ಇನ್ನೊಂದು ಅನುದಾನಕ್ಕೆ: ಇಲ್ಲಿಗೆ ಬರುವವರು ನಿಜವಾಗಿ ಅಶಕ್ತರೇ? ಮೊದಲನೆಯದಕ್ಕೆ ಅವರು ಗಟ್ಟಿಯಾಗಿ ಕಾಣಬೇಕು, ಎರಡನೆಯದಕ್ಕೆ ಕುಸಿದು ಬಿದ್ದಿರಬೇಕು. ಎರಡನ್ನೂ ಒಬ್ಬನೇ, ಒಂದೇ ಗಳಿಗೆಯಲ್ಲಿ ನೋಡಿ ತುಂಬಬೇಕಿತ್ತು. ಇಂಥ ಪರೀಕ್ಷೆಯನ್ನು ಯಾವ ಪ್ರಯೋಗಶಾಲೆಯೂ ಒಪ್ಪುವುದಿಲ್ಲ.

ಜೀಪಿನ ಸದ್ದಾಗುತ್ತಲೇ ಜಂಪಣ್ಣ ಕೂಗಿದ: "ಸಾವಧಾನ್!"

ಆ ಕವಾಯತಿನ ಆಜ್ಞೆಗೆ ಆರೂ ಜನ ಸೆಟೆದು ನಿಂತರು. ಅಂಗಿಗೆ ಗಂಜಿ, ಗಡ್ಡ ನುಣ್ಣಗೆ. ಇಬ್ಬರು ಎತ್ತಿ ನಿಲ್ಲಿಸಿದ ಪಾಲಯ್ಯ ಬೆನ್ನ ಹಿಂದೆ ಕಿಟಕಿಯ ಸರಳು ಹಿಡಿದಿದ್ದ. ಸೈನ್ಯ ಅವರಿಗೆ ಕಲಿಸಿದ ತಪಾಸಣೆ ಇದೊಂದೇ.

"ಏನಪ್ಪ, ಸೊಂಟ ನೋಯ್ತೈತಾ?" ಎಂದು ಅಧಿಕಾರಿ ಪಾಲಯ್ಯನನ್ನು ಕೇಳಿದ.

"ಇಲ್ಲ ಸಾಬ್!"

"ನಿನ್ನ ಕಾಲು?"

"ಇಲ್ಲ ಸಾಬ್!" ಎಂದ ಜಂಪಣ್ಣ. ಬೂಟಿನೊಳಗೆ ಹುಣ್ಣು ಒಡೆದಿತ್ತು.

ಅಧಿಕಾರಿ ನಕ್ಕ. "ಇವರನ್ನ ಗಡಿಗೇ ವಾಪಸ್ ಕಳಿಸಬಹುದಲ್ಲಮ್ಮ!"

ಜೀಪು ತಿರುವು ದಾಟುವ ಮೊದಲೇ ಪಾಲಯ್ಯ ಬಿದ್ದ. ಹದಿನೈದು ದಿನಕ್ಕೆ ಎರಡು ಲಕೋಟೆ ಬಂದವು. ಉತ್ತಮ ಆರೈಕೆಯನ್ನು ಮೆಚ್ಚಿ ಪರವಾನಗಿ ಕೊಡಲಾಗಿತ್ತು. ಎಲ್ಲರೂ ದೃಢಕಾಯರಾದ್ದರಿಂದ ಅನುದಾನ ನಿರಾಕರಿಸಲಾಗಿತ್ತು.

ಸಂಕ್ರಾಂತಿಯೊಳಗೆ ಮನೆ ಮುಚ್ಚಿತು. ಹಗಲಿಡೀ ಮಗ್ಗುಲು ಬದಲಿಸುವವರಿಲ್ಲದೆ ಪಾಲಯ್ಯನ ಬೆನ್ನು ಕೊಳೆಯಿತು. ಯುಗಾದಿಗೆ ಮುಂಚೆ ತೀರಿಕೊಂಡ. ಮಣ್ಣು ಮಾಡುವಾಗ ಎಲ್ಲರೆದುರು ಕೆಂಚಕ್ಕ ಜಂಪಣ್ಣನತ್ತ ಕೈ ತೋರಿಸಿ, "ನಿನ್ನ ಜಂಬ ಇವನನ್ನ ತಿಂತಲ್ಲೋ!" ಎಂದಳು. ಅವನು ತಲೆ ತಗ್ಗಿಸಿದ. ತಪಾಸಣೆಯ ದಿನ ಅದೇ ಸಾಲಿನಲ್ಲಿ ನಿಂತಿದ್ದ ಮೂರ್ತಪ್ಪ ಬಸ್ ನಿಲ್ದಾಣದಲ್ಲಿ ಕಂಡಾಗಲೆಲ್ಲ ಚುಚ್ಚುತ್ತಿದ್ದ: "ಲೇ ಹವಾಲ್ದಾರ, ಇನ್ನೊಂದ್ಸಲ ಸಾವಧಾನ್ ಅನ್ನೋ, ಪಾಲಯ್ಯ ಎದ್ದು ಬರ್ತಾನೆ!" ಸುತ್ತಲಿದ್ದವರು ನಗುತ್ತಿದ್ದರು. ನಾನೂ ಒಮ್ಮೆ, ನೋವಿದೆ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದ್ದೆ. ಆಗ ಅವನು ತಿರುಗಿ ಕೇಳಿದ್ದೇ ಆ ಯಂತ್ರದ ಮಾತು.

ಕಟ್ಟುವವರಿಲ್ಲದ ಪಾದ ಕಪ್ಪಾಯಿತು. ೧೯೭೭ರಲ್ಲಿ ಮೊಣಕಾಲಿನವರೆಗೆ ಕತ್ತರಿಸಿದರೂ ನಂಜು ನಿಲ್ಲದೆ ಜಂಪಣ್ಣ ಸತ್ತ.

ಹನ್ನೊಂದನೆಯ ದಿನ ಯಲ್ಲದಕೆರೆಗೆ ಬಂದ ಕೆಂಚಕ್ಕ ಅವನ ಹೆಂಡತಿ ಬೋರಕ್ಕನ ಮುಂದೆ ಕುಳಿತು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. "ಅವತ್ತು ಜೀಪು ಬರೋಕೆ ಮುಂಚೆ ನಿನ್ ಗಂಡ, 'ಎಲ್ಲಾರೂ ಮಲಗೇ ಇರ್ಲಿ ಕಣಕ್ಕ, ಇದ್ದಂಗೆ ನೋಡ್ಲಿ' ಅಂದಿದ್ದ. ನಾನೇ ಅವನನ್ನ ಜಗಲಿಗೆ ಕರೆದು, 'ನರಳಿದ್ರೆ ನನ್ನ ಆರೈಕೆ ಸಾಲದು ಅಂತ ಬರೀತಾರೆ, ಎಬ್ಬಿಸಿ ನಿಲ್ಸೋ' ಅಂತ ಕೈ ಹಿಡ್ಕಂಡಿದ್ದೆ."