ಮೊದಲ ಕಂಬದ ಗಮಛಾ

ಮೊನ್ನೆ ಔಷಧ ಹೊಡೆಯುವ ಪಂಪಿನ ಪೈಪು ಸೋರುತ್ತಿತ್ತು. ಸುತ್ತಿ ಕಟ್ಟಲು ಒಂದು ಅರಿವೆ ಹುಡುಕುತ್ತ ಶೆಡ್ಡಿನ ತಗಡಿನ ಪೆಟ್ಟಿಗೆ ತೆರೆದೆ. ಗಂಧಕದ ಪುಡಿಯ ಘಾಟು ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ... ಎಲೆಯಡಿಕೆ, ಜರ್ದಾ. ಕೈಗೆ ಸಿಕ್ಕಿದ್ದು ಕೆಂಪು ಚೌಕಡಿಯ ಗಮಛಾ. ನಮ್ಮ ಟವೆಲ್ಲಿಗಿಂತ ತೆಳು, ಒಗೆದು ಒಗೆದು ಮೆತ್ತಗಾದ ಬಟ್ಟೆ. ಪೈಪು ಸೋರುವುದನ್ನು ಬಿಟ್ಟು ಅಲ್ಲೇ ಕುಳಿತುಬಿಟ್ಟೆ.

ಅದು ದಾದಾನದು. ಬಾಂಗ್ಲಾದೇಶದಿಂದ ನಮ್ಮ ತೆಲಸಂಗದ ಕಡೆ ದ್ರಾಕ್ಷಿ ಖರೀದಿಗೆ ಬರುತ್ತಿದ್ದ ವ್ಯಾಪಾರಿ. ಮರಾಠಿಯಲ್ಲೂ ಅವನ ಬಂಗಾಲಿಯಲ್ಲೂ ದಾದಾ ಎಂದರೆ ಅಣ್ಣನೇ. ಹಾಗಾಗಿ ಹೆಸರಿನ ಗರಜು ಬೀಳಲಿಲ್ಲ. ಮೊದಮೊದಲು ಹಿಂದಿಯಲ್ಲೇ ನಡೆಸುತ್ತಿದ್ದ. ವರ್ಷವರ್ಷವೂ ಬಂದು ನಮ್ಮ ಮನೆಯ ರೊಟ್ಟಿ ತಿಂದು ತಿಂದು ಕನ್ನಡವೂ ಬಂತು.

ನಮ್ಮಲ್ಲಿ ಬೇರೆ ವ್ಯಾಪಾರಿಗಳು ದರ ಮಾತಾಡಿ, ಮುಂಗಡ ಕೊಟ್ಟು ಹೋಗುತ್ತಾರೆ. ದಾದಾನ ರೀತಿಯೇ ಬೇರೆ. ಸಾಲುಸಾಲು ಅಡ್ಡಾಡಿ, ಒಂದು ಹಣ್ಣು ಬಾಯಿಗೆ ಹಾಕಿ, ದರ ಹೇಳಿ, ಹೆಗಲ ಮೇಲಿನ ಗಮಛಾವನ್ನು ತೋಟದ ಮೊದಲ ಕಂಬಕ್ಕೆ ಗಂಟು ಹಾಕುತ್ತಿದ್ದ. ಕೊಯ್ಲು ಮುಗಿದು ಲಾರಿ ಹೊರಡುವಾಗ ತಾನೇ ಬಿಚ್ಚಿ ಹೆಗಲಿಗೇರಿಸುತ್ತಿದ್ದ. ಆ ಗಮಛಾ ಕಂಡರೆ ಸುತ್ತಿನ ಯಾವ ವ್ಯಾಪಾರಿಯೂ ಒಳಗೆ ಕಾಲಿಡುತ್ತಿರಲಿಲ್ಲ. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವ. ಸಹಿಗಿಂತ ಆ ಗಂಟಿನ ಮೇಲೆ ನನಗೆ ಹೆಚ್ಚು ಭರವಸೆ. ಕಲ್ಲು ನೆಲ ಒಡೆದು ಬಳ್ಳಿ ಹಬ್ಬಿಸಿದವ ನಾನು. ನನ್ನ ಮಾಲು ಗಡಿ ದಾಟಿ ಢಾಕಾದ ಅಂಗಡಿಯಲ್ಲಿ ಕೂರುತ್ತದೆ ಅಂದರೆ ಎದೆ ಉಬ್ಬುತ್ತಿತ್ತು.

ಮಧ್ಯಾಹ್ನ ಬಳ್ಳಿಯ ನೆರಳಿನಲ್ಲಿ ಚಹಾ ಕುಡಿಯುತ್ತ ದಾದಾ ದೇಶದೇಶಗಳ ಸುದ್ದಿ ಹೇಳುತ್ತಿದ್ದ. ನೆರೆಹೊರೆಯ ಎಂಟು ದೇಶಗಳದು ಒಂದು ಒಕ್ಕೂಟವಿದೆ, ಅದು ನೆಟ್ಟಗೆ ನಡೆದರೆ ಗಡಿಯ ಸುಂಕ ಇಳಿಯುತ್ತದೆ, ಮಿರಜಕ್ಕೆ ಹೋದಷ್ಟೇ ಸಲೀಸಾಗಿ ನಿನ್ನ ಲಾರಿ ಢಾಕಾಕ್ಕೆ ಬರುತ್ತದೆ ಅನ್ನುತ್ತಿದ್ದ.

"ನಮ್ಮೂರ ಹಾಲಿನ ಸಂಘ ಇದ್ದಂಗ ಏನೋ ದಾದಾ?" ಅಂತ ಒಮ್ಮೆ ಕೇಳಿದೆ.

"ಹಾಲಿನ ಸಂಘದಾಗ ಜಗಳಾಡಿದ್ರೂ ಮುಂಜಾನೆ ಹಾಲರ ಹಾಕ್ತಾರಲೋ ಭಾಯಿ. ಇವರದು ಬರೇ ಜಗಳಾ," ಎಂದು ಅವನೇ ನಕ್ಕ.

ಒಕ್ಕೂಟದ ಎರಡು ದೇಶಗಳ ನಡುವೆ ಗಡಿಯಲ್ಲಿ ಗುಂಡು ಹಾರಿದರೆ ಎಂಟೂ ಮಂದಿಯ ಸಭೆ ನಿಂತುಬಿಡುತ್ತದಂತೆ. ಒಂದು ದೇಶದಲ್ಲಿ ಪೆಟ್ರೋಲಿಗೆ ಸರದಿ, ತನ್ನ ದೇಶದಲ್ಲಿ ಡಾಲರಿಗೆ ಬರ, ಗಾದಿಯ ಮೇಲಿನವರು ಬದಲಾದರೆ ಗಡಿಯ ನಾಕಾದಲ್ಲಿ ಮಾತಿನ ಧಾಟಿಯೇ ಬದಲು... ಹೀಗೆ ಹೇಳಿ ಹೇಳಿ ಕಡೆಗೆ ಕಂಬದ ಗಂಟು ತೋರಿಸುತ್ತಿದ್ದ. "ದೊಡ್ಡವರದು ಬಿಡು. ನಮ್ಮಿಬ್ಬರ ಒಕ್ಕೂಟ ಅಲ್ಲೈತಿ ನೋಡು."

ನಂಬಿದೆ.

ಕಡೆಯ ಸಲ ಬಂದಾಗ ಅವನ ದೇಶದಲ್ಲಿ ಸರ್ಕಾರ ಉರುಳಿ ಹೊಸಬರು ಬಂದಿದ್ದರು. ಆದರೂ ಹಳೆಯ ದರವನ್ನೇ ಹೇಳಿ ಗಮಛಾ ಕಟ್ಟಿ ಹೋದ. ಅದರ ಬೆನ್ನಲ್ಲೇ ಅಲ್ಲಿ ಹಣ್ಣಿನ ಸುಂಕ ಏರಿತು, ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು ಎಂಬ ಸುದ್ದಿ ಬಂತು. ದಾದಾನಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ತೋಟದಲ್ಲಿ ಗೊಂಚಲು ಹದ ಮೀರಿ ಹಳದಿಗೆ ತಿರುಗತೊಡಗಿತು. ಐನಾಪುರದ ವ್ಯಾಪಾರಿಯೊಬ್ಬ ಬೈಕು ನಿಲ್ಲಿಸಿ, ಕಂಬ ನೋಡಿ, ಇಳಿಯದೆಯೇ ಹೋದ.

ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ನಿಶ್ಚಯ ಆದ ಹೆಣ್ಣಿನಂಗ ಹಾದಿ ಕಾಯಾಕತ್ತೀರಿ. ಬಿಚ್ಚಿ ಒಗೀರಿ ಅದನ್ನ. ಒಣದ್ರಾಕ್ಷಿ ಮಾಡೂಣು."

"ಕಟ್ಟಿದವನೇ ಬಂದು ಬಿಚ್ಚಬೇಕು," ಅಂದೆ.

"ಬಳ್ಳಿಗಿ ಅದು ಗೊತ್ತೈತೇನ್ರಿ?"

ಊರವರು ಒಬ್ಬೊಬ್ಬರಾಗಿ ಒಣಗಿಸುವ ಶೆಡ್ಡು ಹಿಡಿದುಬಿಟ್ಟರು. ನಾನು ಮಾತ್ರ ಗಡಿ ತೆರೆಯಲಿ ಎಂದು ಟಿವಿ ಮುಂದೆ ಕುಳಿತೆ.

ಒಂದು ಮುಂಜಾನೆ ಕಾಗವಾಡದ ಲಾರಿ ಡ್ರೈವರ್ ತೋಟದ ಮುಂದೆ ನಿಂತ. ಮೊದಲೆಲ್ಲ ನಮ್ಮ ಮಾಲನ್ನು ಗಡಿವರೆಗೆ ಒಯ್ಯುತ್ತಿದ್ದವನೇ. "ಕಾಕಾ, ನಿಮ್ಮ ದಾದಾ ಮಿರಜ ಕಡೆ ಮಾಲು ತುಂಬಾಕತ್ತಾನಲ್ರೀ. ನಿಮಗ ಹೇಳಿಲ್ಲೇನು?"

ಬೈಕು ಹತ್ತಿದವ ಮಿರಜದ ಆಚೆಯ ಅವನು ಹೇಳಿದ ಶೆಡ್ಡಿನ ಮುಂದೆಯೇ ಇಳಿದೆ. ದಾದಾ ಅಲ್ಲಿದ್ದ. ಬೇರೊಬ್ಬ ವ್ಯಾಪಾರಿಯ ಹೆಸರಿನ ಬಾಕ್ಸುಗಳಿಗೆ ಸಣ್ಣ ಕಾಯಿಯ, ಅಗ್ಗದ ಮಾಲು ತುಂಬಿಸುತ್ತಿದ್ದ. ಹೆಗಲ ಮೇಲೆ ಹೊಸ ಗಮಛಾ. ನನ್ನನ್ನು ಕಂಡು ಸ್ಟೂಲು ಎಳೆದ. ನಾನು ಕೂರಲಿಲ್ಲ.

"ಸುಂಕ ಏರೇತಿ ಭಾಯಿ. ನಿನಗ ಹೇಳಿದ ದರಾ ಕೊಟ್ರ ನಾ ಉಳಿಯಂಗಿಲ್ಲ. ನೀ ತಲಿ ಎತ್ತಿ ಬಾಳುವ ಮನಷ್ಯಾ. ದರಾ ಇಳಿಸು ಅಂತ ನಿನ್ನ ಮಾರಿ ನೋಡಿ ಹೆಂಗ ಕೇಳ್ಲಿ? ನಾಚಿಕಿ ಆತು."

"ಹಂಗಾರ ಗಮಛಾನರ ಬಿಚ್ಕೊಂಡು ಹೋಗಬೇಕಿತ್ತಲ್ಲೋ. ನನ್ನ ತ್ವಾಟಕ್ಕ ಕೀಲಿ ಜಡಿದು, ಕೀಲಿಕೈ ಕಿಸೆದಾಗ ಇಟ್ಕೊಂಡು ಇಲ್ಲಿ ಬಂದು ಕುಂತಿ?"

ದಾದಾ ಮುಂದಿನ ಬಾಕ್ಸು ಎಳೆದುಕೊಂಡ. ದರ ಇಳಿಸು ಅಂದಿದ್ದರೆ ಬೈಯುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಆಮೇಲೆ ಕೊಡುತ್ತಿದ್ದೆ. ಹೇಳಿದ ದರಕ್ಕೆ ತಪ್ಪಿದೆ ಅನ್ನಲು ನಾಚಿ ಮನುಷ್ಯನನ್ನೇ ತಪ್ಪಿಸಿಕೊಂಡು ಹೋದನಲ್ಲ... ಅದು ನನಗೆ ಇವತ್ತಿಗೂ ನುಂಗಲಾಗದು.

ತಿರುಗಿ ಬಂದು ಗಂಟು ನಾನೇ ಬಿಚ್ಚಿದೆ. ಬಿಸಿಲು ಇಬ್ಬನಿಗೆ ಬಿಗಿದುಕೊಂಡಿತ್ತು, ಹಲ್ಲು ಹಚ್ಚಬೇಕಾಯಿತು. ಐನಾಪುರದವನಿಗೆ ಫೋನು ಮಾಡುವಷ್ಟರಲ್ಲಿ ಅಕಾಲದ ಅಡ್ಡಮಳೆ ಬಿತ್ತು, ಹಣ್ಣೆಲ್ಲ ಬಿರಿಯಿತು. ಆ ವರ್ಷದ ನನ್ನ ದ್ರಾಕ್ಷಿ ಕುರಿಗಳ ಪಾಲಾಯಿತು.

ದಾದಾ ಮತ್ತೆ ಈ ಕಡೆ ಬರಲಿಲ್ಲ. ವ್ಯಾಪಾರ ಬಿಟ್ಟನೆಂದು ಒಬ್ಬರು, ಇಲ್ಲವಾದನೆಂದು ಇನ್ನೊಬ್ಬರು ಹೇಳುತ್ತಾರೆ. ಫೋನು ಈಗ ರಿಂಗಾಗುವುದೂ ಇಲ್ಲ. ಟಿವಿಯಲ್ಲಿ ಆಗಾಗ ದೇಶದೇಶಗಳ ದೊಡ್ಡವರು ಕೈ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಯಾರು ಯಾರ ತೋಟಕ್ಕೆ ಗಮಛಾ ಕಟ್ಟಿ ಹೊರಟರೋ ಎಂದು ನೋಡುತ್ತೇನೆ. ಈಗ ನಾನು ಮುಂಗಡವಿಲ್ಲದೆ ಯಾರಿಗೂ ತೋಟ ತೋರಿಸುವುದಿಲ್ಲ. ಬಳ್ಳಿಯ ನೆರಳಿನಲ್ಲಿ ಚಹಾಕ್ಕೂ ಯಾರನ್ನೂ ಕರೆಯುವುದಿಲ್ಲ.

ನಾನು ಕುಳಿತೇ ಇದ್ದುದನ್ನು ಕಂಡು ಹೆಂಡತಿ ಶೆಡ್ಡಿಗೆ ಬಂದಳು. "ಇನ್ನೂ ಐತೇನ್ರಿ ಅದು? ಪೈಪಿಗರ ಸುತ್ರಿ, ಒಂದು ಕೆಲಸಕ್ಕ ಬರಲಿ."

"ನಂದಲ್ಲ ಅದು," ಅಂದೆ. ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಪೈಪಿಗೆ ನನ್ನ ಹೆಗಲ ಮೇಲಿನ ಟವೆಲ್ಲನ್ನೇ ಹರಿದು ಕಟ್ಟಿದೆ.